ಪಾರಮ್ಮನ ಒಣಬಾವಿ

(1949ರ ಸುಗ್ಗಿಯ ದಿನಗಳು. ಇರಕಲ್ಲಗಡದ ಸಾಲೆಯ ಅಂಗಳದಲ್ಲಿ ರೈತ ಸಂಘದ ಸನ್ಮಾನ ಸಭೆ. ಊರಿನ ಕಂದಾಯದ ಗೌಡ, ಮಾಲಿಪಟೇಲ ಕೊಟ್ರಪ್ಪನವರ ಮಾತು.)

ಈ ಸಭೆಯ ಅಧ್ಯಕ್ಷರಾದ ಅಂದಪ್ಪನವರೇ, ಕೊಪ್ಪಳದಿಂದ ಬಂಡಿ ಕಟ್ಟಿಕೊಂಡು ಬಂದ ಅತಿಥಿಗಳೇ, ಇಂದಿನ ಸನ್ಮಾನಕ್ಕೆ ಪಾತ್ರರಾದ ಯಮನೂರಪ್ಪ ಮತ್ತು ಪಾರಮ್ಮ ದಂಪತಿಗಳೇ, ಸುತ್ತಲಿನ ಹಳ್ಳಿಗಳ ರೈತ ಬಾಂಧವರೇ, ಬೇವಿನ ನೆರಳು ಗಂಡಸರಿಗೇ ಬಿಟ್ಟು ಬಿಸಿಲಲ್ಲಿ ಕುಳಿತಿರುವ ತಾಯಂದಿರೇ, ಸಭಿಕರೇ,

ಎರಡು ವರ್ಷದ ಹಿಂದೆ ನಾವು ಹೀಗೆ ಕೂಡಬೇಕೆಂದರೆ ಸರಕಾರದ ಪರವಾನಗಿ ಬೇಕಿತ್ತು. ಇಂದು ಯಾರ ಪರವಾನಗಿಯೂ ಇಲ್ಲದೆ ಇಷ್ಟು ಜನ ಕೂಡಿದ್ದೀರಿ. ಅದೂ ನನ್ನ ಭಾಷಣ ಕೇಳಲು! ಸ್ವಾತಂತ್ರ್ಯ ಬಂದ ಮೇಲೆ ಜನ ಎಂಥ ಕಷ್ಟಕ್ಕೂ ತಯಾರಾಗಿಬಿಟ್ಟಿದ್ದಾರೆ.

ನನ್ನ ಕೈಯಲ್ಲಿರುವ ಈ ಕಾಗದವನ್ನು ನಮ್ಮ ಸಾಲೆಯ ಮರ್ದಾನಸಾಬ ಮಾಸ್ತರರು ಬರೆದುಕೊಟ್ಟಿದ್ದಾರೆ. ಮುತ್ತಿನಂಥ ಅಕ್ಷರ. 'ಆರು ಎಕರೆ ಭೂಮಿಯನ್ನು ಬಡ ದಂಪತಿಗಳಿಗೆ ಉದಾರವಾಗಿ ಬಿಟ್ಟುಕೊಟ್ಟ ಮಾಲಿಪಟೇಲರು' ಎಂದಿದೆ. ಉದಾರ ಎಂಬ ಮಾತು ಇದರಲ್ಲಿ ಮೂರು ಸಲ ಬಂದಿದೆ. ಎರಡು ಸಲ ನಾನೇ ಹೇಳಿ ಬರೆಸಿದ್ದು.

ಇರಲಿ. ಈ ದಂಪತಿಗಳ ಸಾಧನೆ ಏನು? ಹನ್ನೆರಡು ವರ್ಷದ ಹಿಂದೆ ಯಮನೂರಪ್ಪ ನಮ್ಮ ಮನೆಯ ಆಳು. ಪಾರಮ್ಮ ಕನಕಗಿರಿ ಕಡೆಯಿಂದ ಲಗ್ನವಾಗಿ ಬಂದ ಹೊಸ ಸೊಸೆ. ಬಂದು ತಿಂಗಳಾಗಿಲ್ಲ, ನಮ್ಮ ಅಂಗಳದಲ್ಲಿ ನಿಂತು ಕೇಳಿದಳು: "ಗೌಡ್ರ, ಗುಡ್ಡದ ಮಗ್ಗಲಿನ ಆ ಬೀಳು ನಮಗ ಕೊಡ್ರಿ. ಆಳುತನ ಬಿಟ್ಟು ನಮ್ಮದೊಂದು ಹೊಲ ಮಾಡ್ಕೋತೀವಿ."

ನಾನು ನಕ್ಕೆ. "ಅಲ್ಲಿ ಓತಿಕ್ಯಾತ ಸೈತ ನೀರು ಕಟ್ಕೊಂಡು ಹೋಗಬೇಕು, ತಂಗಿ" ಎಂದೆ. ಆದರೂ ಚಾವಡಿಯಲ್ಲಿ ನಾಲ್ಕು ಜನರ ಎದುರು ಮಾತು ಕೊಟ್ಟೆ. "ಮೂರು ವರ್ಷದಾಗ ಬಾವಿ ತೋಡಿ ನೀರು ತೋರಿಸ್ರಿ, ಬೆಳಿ ತೋರಿಸ್ರಿ. ಹೊಲ ನಿಮ್ಮ ಹೆಸರಿಗೆ ಬರೆದು ಕೊಡ್ತೀನಿ. ಆಗಲಿಲ್ಲ ಅಂದ್ರ ಇಬ್ಬರೂ ತಿರುಗಿ ನನ್ನ ಹಟ್ಟಿಗೆ ಬರಬೇಕು, ಸಾಯೋತನಕ."

ಯಮನೂರಪ್ಪ ಒಪ್ಪಿದ. ಬಾವಿ ಎಲ್ಲಿ ತೋಡುವುದು? ಪಾರಮ್ಮ "ತಗ್ಗಿನಾಗ ಕರಕಿ ಹುಲ್ಲು ಹಸರು ಐತಿ, ಅಲ್ಲಿ ತೋಡೂಣು" ಎಂದಳು. ಯಮನೂರಪ್ಪ ಕೇಳಲಿಲ್ಲ. ನಮ್ಮ ಸೀಮೆಯಲ್ಲಿ ಗೌಡ ಕೋಲು ಊರಿದ ಜಾಗದಲ್ಲೇ ಹಾರೆ ಹಾಕುವುದು ರೂಢಿ. ನನ್ನನ್ನು ಕರೆದೊಯ್ದ. ನಾನು ದಿಬ್ಬದ ಮೇಲೆ ಹೋಗಿ ಕೋಲು ಊರಿದೆ.

ನಾಲ್ಕು ತಿಂಗಳು ತೋಡಿದರು, ಸಭಿಕರೇ! ಇವನು ಹಾರೆ ಹಿಡಿದು ಕೆಳಗೆ, ಅವಳು ಬುಟ್ಟಿ ಹೊತ್ತು ಮೇಲೆ. ಅವಳ ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ಇಪ್ಪತ್ತು ಅಡಿ ಇಳಿದರೂ ಒಣ ಗರಸುಮಣ್ಣು. ನಾನು ವಾರಕ್ಕೊಮ್ಮೆ ಹೋಗಿ, "ಬಂತೇನೋ ನೀರು?" ಎಂದು ಕೇಳುತ್ತಿದ್ದೆ. "ಬರ್ತೈತಿ ಬಿಡ್ರಿ ಗೌಡ್ರ, ನೀವು ತೋರಿಸಿದ ಜಾಗ" ಎನ್ನುತ್ತಿದ್ದ ಇವನು. ಎಲ್ಲಿಂದ ಬರಬೇಕು? ಅಲ್ಲಿಂದ ಹತ್ತು ಮಾರಿನಲ್ಲೇ ನಮ್ಮಪ್ಪ ಬಾವಿ ತೋಡಿಸಿ, ಹನಿ ನೀರು ಕಾಣದೆ ಮುಚ್ಚಿಸಿದ್ದರಲ್ಲ...

ಅಯ್ಯ ಶಿವನೇ. ಇದು ಮಾಸ್ತರರ ಕಾಗದದಲ್ಲಿ ಇರಲಿಲ್ಲ.

ಬಾಯಿಂದ ಬಂದದ್ದು ಬಂತು. ಹೌದು, ನನಗೆ ಗೊತ್ತಿತ್ತು. ಕಲ್ಲು ಆರಿಸಿ ಹೊಲ ಹಸನು ಮಾಡಲಿ, ಆಮೇಲೆ ಸೋತು ಹಟ್ಟಿಗೆ ಬರಲಿ ಎಂದೇ ಅಲ್ಲಿ ಕೋಲು ಊರಿದೆ. ಅಧ್ಯಕ್ಷರೇ, ಗಂಟೆ ಬಾರಿಸಬೇಡಿ. ಈಗ ನಿಲ್ಲಿಸಿದರೆ ನಾನು ಇನ್ನೊಮ್ಮೆ ಬಾಯಿ ತೆರೆಯಲಾರೆ.

ನೀರಿಲ್ಲ ಎಂದು ಖಾತ್ರಿಯಾದ ದಿನ ಯಮನೂರಪ್ಪ ಮಣ್ಣಿನ ಗುಡ್ಡೆಯ ಮೇಲೆ ಕುಳಿತು ಅತ್ತನಂತೆ. ಪಾರಮ್ಮ ತಳದ ಗರಸನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದಳು. ತೇವದ ವಾಸನೆಯೇ ಇಲ್ಲ. ನಕ್ಕುಬಿಟ್ಟಳು. "ಎಲ್ಲಿ ನೀರು ಹುಟ್ಟಂಗಿಲ್ಲೋ ಅಲ್ಲಿ ಕಾಳು ಕೆಡಂಗಿಲ್ಲ. ಏಳ್ರಿ ಮ್ಯಾಲ, ಗೌಡ್ರು ನಮಗ ಹಗೇವಿಗೆ ಜಾಗ ತೋರಿಸ್ಯಾರ!"

ಹಗೇವು ಎಂದರೆ ನೆಲದೊಳಗಿನ ಕಣಜ, ಇದನ್ನು ಪಟ್ಟಣದ ಅತಿಥಿಗಳಿಗಾಗಿ ಹೇಳಿದೆ. ಬಾವಿಯ ಬಾಯಿಗೆ ಬಂಡೆ ಜೋಡಿಸಿ ಕಿರಿದು ಮಾಡಿದರು, ಒಳಗೆ ಹುಲ್ಲು ಹೊಟ್ಟು ಮೆತ್ತಿದರು. ಕಾಳು ಇನ್ನೂ ಒಂದೂ ಇಲ್ಲ, ಕಣಜ ಮೊದಲು ತಯಾರು! ಮರುವಾರವೇ ತಗ್ಗಿನ ಕರಕಿಯ ಹತ್ತಿರ ಹಾರೆ ಹಾಕಿದರು. ಹದಿನೆಂಟು ಅಡಿಗೆ ನೀರು. ಈ ಮೇಜಿನ ಮೇಲಿನ ಚೆಂಬಿನಲ್ಲಿ ಇರುವುದು ಅದೇ ನೀರು, ಭಾಷಣ ಶುರುವಾದಾಗಿನಿಂದ ನಾನು ಅದನ್ನೇ ಕುಡಿಯುತ್ತಿದ್ದೇನೆ.

ಆಮೇಲೆ ಆ ಬೀಳು ಹೇಗೆ ಹೊಲವಾಯಿತು ಗೊತ್ತೇ? ಆರಿಸಿದ ಕಲ್ಲೆಲ್ಲ ಒಡ್ಡಾಯಿತು. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ತಲೆಯ ಮೇಲೆ ಹೊತ್ತು ತಂದು ಚೆಲ್ಲಿದರು. ಕುರುಬರ ಕುರಿಮಂದೆಯನ್ನು ಕರೆದು ಹೊಲದಲ್ಲಿ ನಿಲ್ಲಿಸಿದರು. ಸಜ್ಜೆಯ ನಡುವೆ ತೊಗರಿಯ ಸಾಲು, ತೊಗರಿಯ ಮಗ್ಗಲಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಬಾವಿಯ ದಂಡೆಗೆ ಬದನೆ, ಮೆಣಸಿನಗಿಡ, ಹಿತ್ತಲಿಗೆ ಒಂದು ಎಮ್ಮೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಬೇಕು, ಅಷ್ಟೇ ಆಕೆಯ ಲೆಕ್ಕ. ಇಂದು ಆ ಸಂಸಾರ ಕನಕಗಿರಿ ಸಂತೆಯಿಂದ ತರುವುದು ಉಪ್ಪು, ಅರಿವೆ, ಸೀಮೆಎಣ್ಣೆ. ಮಿಕ್ಕದ್ದೆಲ್ಲ ಆ ಆರು ಎಕರೆಯೇ ಕೊಡುತ್ತದೆ. ನೂರು ಎಕರೆಯ ಗೌಡ ನಾನು, ನನ್ನ ಮನೆಗೆ ಕೊತ್ತಂಬರಿಯೂ ಸಂತೆಯಿಂದಲೇ ಬರಬೇಕು!

ಮೂರು ವರ್ಷ ಮುಗಿದ ದಿನ ಯಮನೂರಪ್ಪ ಚಾವಡಿಗೆ ಬಂದ. "ಗೌಡ್ರ, ನೀರೂ ಐತಿ, ಬೆಳಿನೂ ಐತಿ. ಕಾಗದದ ಮಾತು..." ನಾನು "ನೋಡೂಣು" ಎಂದೆ. ಮರುವರ್ಷ "ಆಷಾಢ ಕಳೀಲಿ" ಎಂದೆ. ನನ್ನ ಪಂಚಾಂಗದಲ್ಲಿ ಹನ್ನೆರಡು ತಿಂಗಳೂ ಆಷಾಢವೇ ಆಯಿತು. ಇಂದು ಬೆಳಗಿನವರೆಗೂ ಆ ಹೊಲ ನನ್ನ ಹೆಸರಿನಲ್ಲೇ ಇತ್ತು, ಸಭಿಕರೇ. ಇವರು ಬೆವರು ಸುರಿಸಿದ್ದು ಇನ್ನೊಬ್ಬನ ಮಣ್ಣಿನಲ್ಲಿ.

ಆ ಯುದ್ಧದ ಕಾಲದ ಲೆವಿ ನಿಮಗೆಲ್ಲ ನೆನಪಿದೆ. ಪ್ರತಿ ಮನೆಯೂ ಸರಕಾರಕ್ಕೆ ಇಂತಿಷ್ಟು ಕಾಳು ಕೊಡಬೇಕು. ಕೇಳಿದ್ದಷ್ಟು ಕೊಟ್ಟಿದ್ದರೆ ಸಾಕಿತ್ತು. ಆದರೆ ಲೆವಿ ವಸೂಲಿಗೆ ಬಂದ ಸಾಹೇಬರ ಬಾಯಿಂದ ಹೊಗಳಿಸಿಕೊಳ್ಳುವ ಚಪಲ ನನಗೆ! ಬಿತ್ತನೆಗೆ ಇಟ್ಟ ಬಿಳಿಜೋಳವನ್ನೂ ಬಂಡಿಗೆ ಹೇರಿಸಿದೆ. ನನ್ನ ಮಾತಿಗೆ ಅಂಜಿ ಇನ್ನೂ ಹನ್ನೊಂದು ಮನೆಯವರು ಹೇರಿದರು. ಸಾಹೇಬರು ಬೆನ್ನು ತಟ್ಟಿ "ಶಾಬಾಸ್ ಪಟೇಲ್!" ಎಂದರು. ಹಿಂಗಾರಿ ಮಳೆ ಬಿತ್ತು, ನೆಲ ಹದವಾಯಿತು. ಬಿತ್ತಲು ಕಾಳಿಲ್ಲ. ಶಾಬಾಸನ್ನು ಬಿತ್ತಿದರೆ ಮೊಳೆಯುತ್ತದೆಯೇ?

ಯಮನೂರಪ್ಪ ತನ್ನ ಪಾಲಿನ ಲೆವಿ ಕೊಟ್ಟಿದ್ದ, ಬೀಜ ಮುಟ್ಟಿರಲಿಲ್ಲ. ಅದು ಒಣಬಾವಿಯಲ್ಲಿತ್ತು. ಯಾವ ಮುಖ ಹೊತ್ತು ನಾನು ಹೋಗಲಿ? ಹೋದವಳು ನನ್ನ ಹೆಂಡತಿ ಶೇಖರಮ್ಮ. ಹಗೇವಿನ ಬಂಡೆ ಸರಿಸಿ, ಕಂದೀಲು ಇಳಿಬಿಟ್ಟು ನೋಡಿದರಂತೆ. ದೀಪ ಆರಲಿಲ್ಲ, ಒಳಗಿನ ಗಾಳಿ ಛಲೋ ಇದೆ ಎಂದು ಯಮನೂರಪ್ಪ ಇಳಿದ. ಪಾರಮ್ಮ ಮೊದಲ ಬೊಗಸೆಯನ್ನು ಶೇಖರಮ್ಮನ ಉಡಿಗೆ ಹಾಕಿದಳು. ಗೌಡತಿ ಆಳಿನ ಹೆಂಡತಿಯ ಮುಂದೆ ಸೆರಗೊಡ್ಡಿ ಕುಳಿತಿದ್ದಳು. ನಾಚಿಕೆಯಿಂದ ಶೇಖರಮ್ಮನೇ ಕೇಳಿದಳಂತೆ, "ಪಾರಮ್ಮಾ, ಹೊಲದ ಕಾಗದದ ಮಾತು ಕೇಳಂಗಿಲ್ಲೇನು?"

"ಬೀಜ ಕೊಡೋ ಮುಂದ ಏನೂ ಕೇಳಬಾರದ್ರಿ ಅವ್ವಾರ. ಕೇಳಿ ಕೊಟ್ರ ಬೆಳಿ ಬರಂಗಿಲ್ಲ."

ನಮಗೂ ಕೊಟ್ಟಳು, ಆ ಹನ್ನೊಂದು ಮನೆಗೂ ಕೊಟ್ಟಳು. ಆ ವರ್ಷ ನಮ್ಮೂರಿನ ಜೋಳ ಆಳೆತ್ತರ ಬಂತು. ಇಷ್ಟಾದ ಮೇಲೂ ನಾನು ಐದು ವರ್ಷ "ನೋಡೂಣು" ಎಂದೆ. ಯಾಕೆ? ಕಾಗದ ಬರೆದರೆ ನಾನು ಸೋತಂತೆ. ಅದಕ್ಕೇ, ಬೇರೇನೂ ಅಲ್ಲ.

ಇಂದು ಬೆಳಿಗ್ಗೆ ಹೊಲದ ಕಾಗದಕ್ಕೆ ರುಜು ಹಾಕಿದೆ. ಸಭೆಯಲ್ಲಿ ಉದಾರವಾಗಿ ಕೊಟ್ಟು ಚಪ್ಪಾಳೆ ತೆಗೆದುಕೊಳ್ಳೋಣ ಎಂದೇ ಹೊರಟಿದ್ದೆ. ಶೇಖರಮ್ಮ ಕಾಗದ ಕಸಿದುಕೊಂಡಳು. "ಉದಾರ ಅಂತ ಹೇಳಿ ಕೊಡಬ್ಯಾಡ್ರಿ. ಕೊಡಬೇಕಾದ್ದು ಅಂತ ಹೇಳಿ ಕೊಡ್ರಿ. ಇಲ್ಲಾಂದ್ರ ನಾನೇ ಕೊಡ್ತೀನಿ" ಎಂದಳು. ಈಗ ಹೇಳುತ್ತಿದ್ದೇನೆ, ಎಲ್ಲರೂ ಕೇಳಿ: ಇದು ಕೊಡಬೇಕಾದ್ದು. ಒಂಬತ್ತು ವರ್ಷ ತಡವಾಗಿ ಕೊಡುತ್ತಿರುವುದು.

ಶೇಖರಮ್ಮಾ, ಏಳು. ಪಾರಮ್ಮಾ, ಮುಂದೆ ಬಾ ತಾಯಿ, ಸೆರಗೊಡ್ಡು. ಐದು ಬೊಗಸೆ ಬಿಳಿಜೋಳ, ಅದರ ಮೇಲೆ ಹೊಲದ ಕಾಗದ. ಹಾಕು... ಆಯಿತು! ಉಡಿಗೆ ಬಿದ್ದದ್ದನ್ನು ತಿರುಗಿ ಕೇಳುವ ಪದ್ಧತಿ ನಮ್ಮ ಸೀಮೆಯಲ್ಲಿ ಇಲ್ಲ. ನಾಳೆ ನನ್ನ ಮಕ್ಕಳೂ ಕೇಳುವಂತಿಲ್ಲ, ನಾನೂ "ನೋಡೂಣು" ಎನ್ನುವಂತಿಲ್ಲ. ಚಪ್ಪಾಳೆ ಹಾಕಿ, ಇನ್ನೂ ಜೋರಾಗಿ, ಗುಡ್ಡಕ್ಕೂ ಕೇಳಲಿ! ಈ ಹೊಲ ಇವರದು!

ಯಮನೂರಪ್ಪಾ, ಕಣ್ಣು ಒರೆಸಿಕೋ. ನಿನ್ನ ಹೊಲದಲ್ಲಿ ಇನ್ನೊಂದು ಬಾವಿ ತೋಡುವುದಿದ್ದರೆ ನನ್ನನ್ನು ಕರೆಯಬೇಡ, ಹೆಂಡತಿಯ ಮಾತು ಕೇಳು. ನಾನೂ ಇಂದಿನಿಂದ ಅದನ್ನೇ ಮಾಡುತ್ತೇನೆ.

ನನ್ನ ತಪ್ಪನ್ನು ಬಿಸಿಲಲ್ಲಿ ಕುಳಿತು ಕೇಳಿದಿರಿ, ಎದ್ದು ಹೋಗಲಿಲ್ಲ. ಅದಕ್ಕೆ ನಾನು ಋಣಿ. ಮಾಸ್ತರರೇ, ನಿಮ್ಮ ಕಾಗದ ತಿರುಗಿ ತೆಗೆದುಕೊಳ್ಳಿ, ಅಕ್ಷರ ಮಾತ್ರ ಚೆನ್ನಾಗಿತ್ತು. ಅಧ್ಯಕ್ಷರಿಗೆ, ನಿಮಗೆಲ್ಲರಿಗೆ, ಹನ್ನೆರಡು ಮನೆಯ ಮಾನ ಕಾಯ್ದ ಆ ಒಣಬಾವಿಗೆ ನನ್ನ ನಮಸ್ಕಾರ.