ಬಾಡಿಗೆ ಅಂಗಡಿಯ ಸನ್‌ಶೇಡ್ ಬಿದ್ದ ಬಗ್ಗೆ ದೇವುವಿನ ಹೇಳಿಕೆ

ಹೆಸರು ದೇವು, ತಂದೆ ದಿವಂಗತ ಮುತ್ತು, ಪ್ರಾಯ 47 ವರ್ಷ, ಕಸುಬು ಒಣಮೀನು ವ್ಯಾಪಾರ, ವಾಸ ಬಾರ್ಕೂರು ರಸ್ತೆ, ಬ್ರಹ್ಮಾವರ.

ನಾನು ಠಾಣೆಗೆ ನಾನಾಗಿಯೇ ಹಾಜರಾಗಿ ಹೇಳಿ ಬರೆಯಿಸುವುದೇನೆಂದರೆ, ನಾನು ಆರನೇ ತರಗತಿ ಅರ್ಧದಲ್ಲಿ ಶಾಲೆ ಬಿಟ್ಟವನು. ಕನ್ನಡ ಓದಲು ಬರುತ್ತದೆ, ಕರಾರುಪತ್ರದ ಕನ್ನಡ ಪೂರ್ತಿ ತಿಳಿಯುವುದಿಲ್ಲ. ಬಾರ್ಕೂರಿನ ಮಂಜಯ್ಯನವರಿಗೆ ಬ್ರಹ್ಮಾವರದಲ್ಲಿ ಇರುವ ಕಟ್ಟಡದ ಒಂದು ಕೋಣೆಯನ್ನು ಅಂಗಡಿಗಾಗಿ ದಿನಾಂಕ 1-6-2020ರಿಂದ ಐದು ವರ್ಷಕ್ಕೆ ಬಾಡಿಗೆಗೆ ಪಡೆದಿರುತ್ತೇನೆ. ಗೋಡೆ ಮತ್ತು ಮಾಡು ಅಂದರೆ ಛಾವಣಿಯ ರಿಪೇರಿ ಮಾಲೀಕರದ್ದು, ಒಳಗಿನ ಸಣ್ಣಪುಟ್ಟ ರಿಪೇರಿ ನನ್ನದು, ಮಾಲೀಕರ ಒಪ್ಪಿಗೆ ಇಲ್ಲದೆ ಕಟ್ಟಡವನ್ನು ಮುಟ್ಟಬಾರದು ಎಂದು ಕರಾರಿನಲ್ಲಿ ಇದೆ. ಸನ್‌ಶೇಡ್ ಎಂಬ ಶಬ್ದ ಅದರಲ್ಲಿ ಇಲ್ಲ. ನಾನು ನಾಲ್ಕು ಸಲ ಹುಡುಕಿದ್ದೇನೆ.

ದಿನಾಂಕ 22-9-2024ರ ಬೆಳಿಗ್ಗೆ 7.10ಕ್ಕೆ ಶಟರ್ ಎತ್ತುವಾಗ ಮೇಲಿನ ಸನ್‌ಶೇಡಿನಿಂದ ಅರ್ಧ ತೆಂಗಿನಕಾಯಿಯಷ್ಟು ದೊಡ್ಡ ಸಿಮೆಂಟ್ ತುಂಡು ನನ್ನ ಪಕ್ಕ ಬಿತ್ತು. ನೋಡಿದರೆ ಮೂರು ಅಡಿ ಉದ್ದ ಬಿರುಕು, ಒಳಗೆ ತುಕ್ಕು ಹಿಡಿದ ಕಬ್ಬಿಣ. ಬಾಯಿಯಲ್ಲಿ ಹೇಳಿದರೆ ನಂಬಲಿಕ್ಕಿಲ್ಲ ಎಂದು ಆ ತುಂಡನ್ನೇ ಪ್ಲಾಸ್ಟಿಕ್ ಕವರಿಗೆ ಹಾಕಿ 9.30ರ ಬಸ್ಸಿನಲ್ಲಿ ಮಂಜಯ್ಯನವರ ಮನೆಗೆ ಹೋದೆನು. ಅವರು ಅದನ್ನು ಕೈಯಲ್ಲಿ ಹಿಡಿದು ನಕ್ಕು, "ಹ್ವಾಯ್, ಇದನ್ನ್ ಬಸ್ಸಲ್ಲಿ ಹೊತ್ಕಂಡ್ ಬಂದ್ಯಾ ಮಾರಾಯ? ಟಿಕೆಟ್ ತೆಗ್ದಿದ್ಯಾ ಇದ್ಕೂ?" ಎಂದರು. ನಾನೇ ಖರ್ಚು ಹಾಕಿ ಸರಿ ಮಾಡಿಸಲೇ ಎಂದು ಕೇಳಿದ್ದಕ್ಕೆ, "ನೀನ್ ಕೈ ಹಾಕ್ಬೇಡ. ಇವತ್ತ್ ಸಿಮೆಂಟ್ ಹಾಕಿ ನಾಳೆ ಕಟ್ಟಡವೇ ನಂದ್ ಅಂದೇಳಿ ಹೇಳುದಾ? ದೀಪಾವಳಿ ಕಳೀಲಿ, ಕಾಂಬ" ಎಂಬುದಾಗಿ ಹೇಳಿದರು. ಬರುವ ಮೇಗೆ ಕರಾರು ಮುಗಿಯುತ್ತದೆ. ಅಂಗಡಿ ಬಿಡಿಸಿಯಾರು ಎಂಬ ಹೆದರಿಕೆಯಿಂದ ನಾನು ಬರಹದಲ್ಲಿ ಏನೂ ಕೊಡಲಿಲ್ಲ, ಮೇಸ್ತ್ರಿಯನ್ನೂ ಕರೆಯಲಿಲ್ಲ.

ಜನ ಸನ್‌ಶೇಡಿನ ಕೆಳಗೆ ನಿಲ್ಲದ ಹಾಗೆ ಅದೇ ಸಂಜೆ ಮೀನಿನ ಪ್ಲಾಸ್ಟಿಕ್ ಕ್ರೇಟ್ ನಾಲ್ಕನ್ನು ಅಲ್ಲಿ ಸಾಲಾಗಿ ಕವುಚಿ ಇಟ್ಟೆನು. ಮೂರು ವಾರ ಯಾರೂ ನಿಲ್ಲಲಿಲ್ಲ.

ದಿನಾಂಕ 14-10-2024ರ ಸೋಮವಾರ ಬೆಳಿಗ್ಗೆ 11.20ಕ್ಕೆ ಮೀನು ಮಾರುವ ಕಮಲ ಎಂಬವರು, ಪ್ರಾಯ ಸುಮಾರು 60, ಬುಟ್ಟಿ ಖಾಲಿ ಮಾಡಿ ಬಸ್ಸಿಗೆ ಕಾಯಲು ಅಂಗಡಿ ಎದುರು ಬಂದರು. ಬಿಸಿಲು ಜೋರಿತ್ತು. ನಾನು ಒಳಗೆ ಸೀಗಡಿ ತೂಗುತ್ತಿದ್ದೆನು. ತಲೆ ಎತ್ತಿ, "ಬನಿ ಕಮಲಕ್ಕ, ಕೂಕಣಿ" ಎಂದೆನು. ಅಂಗಡಿಗೆ ಬಂದವರಿಗೆಲ್ಲ ಕೂರಿ ಎಂದು ಹೇಳಿ ಅಭ್ಯಾಸ. ಮಾರ್ಕೆಟಿನಲ್ಲಿ ಮೀನಿನ ಹೆಂಗಸರು ಕವುಚಿದ ಕ್ರೇಟಿನ ಮೇಲೆಯೇ ಕೂರುವುದು. ಅವರು "ಬಸ್ ಬಪ್ಪು ತನ್ಕ ಕೂಕಂತೆ" ಎಂದು ಎರಡನೇ ಕ್ರೇಟಿನ ಮೇಲೆ ಕುಳಿತರು. ನಾನು ತಕ್ಕಡಿ ನೋಡಿದೆನು. ಐದು ನಿಮಿಷ ಆಗಿರಲಿಕ್ಕಿಲ್ಲ, ಸನ್‌ಶೇಡಿನ ತುದಿ ಎರಡು ಅಡಿಯಷ್ಟು ಮುರಿದು ಅವರ ಎಡ ಹೆಗಲಿನ ಮೇಲೆ ಬಿತ್ತು. ರಿಕ್ಷಾದ ಸುಧೀರನೂ ನಾನೂ ಎತ್ತಿ ಆಸ್ಪತ್ರೆಗೆ ಸಾಗಿಸಿದೆವು. ಹೆಗಲಿನ ಎಲುಬು ಮುರಿದಿದೆ. ಇನ್ನು ತಲೆ ಮೇಲೆ ಬುಟ್ಟಿ ಹೊರುವುದು ಕಷ್ಟ ಎಂದು ಡಾಕ್ಟರು ಹೇಳಿದರು.

ಸಂಜೆ 5 ಗಂಟೆಗೆ ಆಸ್ಪತ್ರೆಗೆ ಬಂದ ಮಂಜಯ್ಯನವರು ನನ್ನನ್ನು ಮೆಟ್ಟಿಲ ಹತ್ತಿರ ಕರೆದು, ಅವಳೇ ಹೋಗಿ ಕುಳಿತದ್ದು ಎಂದು ಹೇಳು, ಇಬ್ಬರೂ ಬಚಾವಾಗುತ್ತೇವೆ, ಕರಾರನ್ನು ಇನ್ನೈದು ವರ್ಷಕ್ಕೆ ಬರೆದು ಕೊಡುತ್ತೇನೆ ಎಂದರು. ನಾನು ವಾರ್ಡಿಗೆ ಹೋದೆನು. ಕಮಲಕ್ಕ ನನ್ನನ್ನು ಕಂಡು, "ಹೆದ್ರಬೇಡ ದೇವು. ನಾನೇ ಕೂಕಂಡದ್ದ್ ಅಂದೇಳಿ ಪೊಲೀಸ್ರಿಗೆ ಹೇಳಿದ್ದೆ. ನಿನ್ನ ಅಂಗ್ಡಿ ಹೋಪುದ್ ಬ್ಯಾಡ" ಎಂದರು.

ತಾನೇ ಹೋಗಿ ಕುಳಿತದ್ದು ಎಂದು ಕಮಲಕ್ಕ ಪೊಲೀಸರಾದ ತಮ್ಮಲ್ಲಿ ಬರೆಯಿಸಿದ ಆ ಒಂದು ಮಾತು ಸರಿಯಲ್ಲ. ಸನ್‌ಶೇಡ್ ರಿಪೇರಿ ಯಾರ ಜವಾಬ್ದಾರಿ ಎಂದು ಕರಾರು ನೋಡಿ ತಾವು ತೀರ್ಮಾನಿಸಬೇಕು. ಬಿರುಕು ಇರುವುದು ಕಮಲಕ್ಕನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಕೂರಿ ಎಂದು ಹೇಳಿದವನು ನಾನು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದ ಹಾಗೆಯೇ ಸತ್ಯವಾಗಿ ಇರುತ್ತದೆ.

ಸ್ಥಳ: ಬ್ರಹ್ಮಾವರ
ದಿನಾಂಕ: 15-10-2024
ಸಹಿ: ದೇವು