ಬೇಲಿಯ ಹತ್ತಿರದ ಎಲೆಕ್ಟ್ರಾನ್

ಮಣಿಪಾಲದ ಆಸ್ಪತ್ರೆಯೊಂದರ ಬಾಗಿಲಲ್ಲಿ ಆಟೋ ಕಾಯುತ್ತಿದ್ದ ಝೀಟಾಳಿಗೆ ಅಲ್ಲಿದ್ದ ದಂಪತಿಯ ಮಾತು ಬೇಡವೆಂದರೂ ಕೇಳುತ್ತಿತ್ತು. ಗಂಡ ಈ ಕಂಬದ ಬಳಿ, ಹೆಂಡತಿ ಆಚೆ ಕಂಬದ ಬಳಿ, ಜೋರಾಗಿಯೇ ಮಾತಾಡಬೇಕಿತ್ತು.

"ಥೈರಾಯ್ಡಿಗೆ ಮದ್ದು ಕುಡಿದದ್ದು ನೀನು, ದೂರ ನಿಲ್ಲುವ ಶಿಕ್ಷೆ ನನಗಾ, ಗುಣಾ?" ಎಂದರು ಗಂಡ.

"ಹತ್ತು ದಿನ ಮಾತ್ರ. ಮದ್ದಿನಲ್ಲಿರುವ ಅಯೋಡಿನ್ ಪರಮಾಣುವಿಗೆ ನೆಮ್ಮದಿ ಇಲ್ಲ, ಅದರಿಂದ ಕಿರಣ ಬರ್ತದೆ, ಹತ್ತಿರ ಇದ್ದವರಿಗೆ ತಾಗ್ತದೆ."

"ಪರಮಾಣು ಅಂದರೆ ಎಂತ? ನಿನ್ನ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳಿದ ಹಾಗೆ ಹೇಳು."

"ನಡುವೆ ಪ್ರೋಟಾನ್, ನ್ಯೂಟ್ರಾನ್ ಒಟ್ಟಿಗೆ ಉಂಟು. ಎಲೆಕ್ಟ್ರಾನ್ ಹೊರಗೆ. ಆ ನಡುವಿನದ್ದು ಶಾಲೆಯ ಮೈದಾನದ ನಡುವೆ ಇಟ್ಟ ಸಾಸಿವೆ ಕಾಳು ಆದರೆ, ಎಲೆಕ್ಟ್ರಾನ್ ಬೇಲಿಯ ಹತ್ತಿರ."

"ಅಷ್ಟು ದೂರವಾ! ಬಿಟ್ಟು ಹೋಗುವುದಿಲ್ವಾ?"

"ಇಲ್ಲ ಮಾರಾಯ್ರೆ. ಪ್ರೋಟಾನ್ ಎಳೆದು ಹಿಡಿದಿರ್ತದೆ."

"ನಡುವೆ ಎಂತ ಉಂಟು?"

"ಎಂತದೂ ಇಲ್ಲ. ಖಾಲಿ."

ಗಂಡ ಆಚೆ ಕಂಬದತ್ತ ನೋಡಿದರು.

"ನಿನಗೆ ಹೆದರಿಕೆ ಆಗ್ತದಾ?"

"ನೀವು ಕಾಣುವಷ್ಟು ದೂರದಲ್ಲಿದ್ದರೆ ಇಲ್ಲ."

ಅವರ ಊರು ಎರ್ಮಾಳಿಗೆ ಹೋಗುವ ಕಾರು ಬಂತು. ಆಕೆ ಹಿಂದಿನ ಸೀಟಿನ ಮೂಲೆಗೆ ಸರಿದು ಕೂತರು. ಗಂಡ ಮುಂದೆ ಡ್ರೈವರನ ಪಕ್ಕ ಕೂತು, ತಲೆಯ ಮೇಲೆ ಬಿಸಿಲು ತಡೆಯುವ ಹಲಗೆಯಲ್ಲಿದ್ದ ಪುಟ್ಟ ಕನ್ನಡಿಯನ್ನು ಇಳಿಸಿ, ಹೆಂಡತಿಯ ಮುಖ ಸಿಗುವವರೆಗೆ ವಾಲಿಸುತ್ತಲೇ ಇದ್ದರು.