ಮೂರನೇ ನೀರು

ನಾನು ಹೇಳೋದ್ರಲ್ಲಿ ಅರ್ಧ ಸುಳ್ಳು ಅಂತ ಇಡೀ ತೆರಕಣಾಂಬಿಗೇ ಗೊತ್ತು. ಇದು ಉಳಿದ ಅರ್ಧ. ದೀಪ ಮಾತ್ರ ಆರಿಸಬೇಡಿ.

ನಮ್ಮ ಪಕ್ಕದ ಮನೆ ಬಡಗಿ ರಾಜಣ್ಣ ಕಳೆದ ಮಾಘದಲ್ಲಿ ಗುಂಡ್ಲುಪೇಟೆಯಿಂದ ಕೊನೇ ಬಸ್ಸಿಗೆ ಬಂದಿಳಿದ. ಮನೇಲಿ ಆರು ವರ್ಷದ ಮಗಳು ಭವ್ಯಳಿಗೆ ಮೂರು ದಿನದಿಂದ ಸುಡುವ ಜ್ವರ, ಗಂಟಲು ನೋವು. ಮೈಯೆಲ್ಲ ಕೆಂಪೆದ್ದಿದ್ದೇ ತಡ, ಅವನವ್ವ ದೊಡ್ಡಮಾದಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ತೀರ್ಪು ಕೊಟ್ಟಿದ್ದಳು: "ಅಮ್ಮ ಬಂದವ್ಳೆ. ಮೂರು ನೀರು ಹಾಕೋಗಂಟ ಸೂಜಿ, ಮಾತ್ರೆ ಅಂದ್ರೆ ನೋಡು!" ಬೇವು ಹಾಕಿ ಕಾಯಿಸಿದ ನೀರಲ್ಲಿ ಮೂರು ಸಲ ಮೀಯಿಸಿದರೆ ಮಾರಮ್ಮ ತಾನೇ ಎದ್ದು ಹೋಗುತ್ತಾಳೆ, ಔಷಧಿ ಕೊಟ್ಟರೆ ಮುನಿಯುತ್ತಾಳೆ. ಆ ಮನೆಯ ಕಟ್ಟಳೆ ಅದು.

ರಾಜಣ್ಣ ಆಲದ ಮರ ದಾಟಿ ಹಳೇ ಬಾವಿ ಹತ್ರ ಬಂದಾಗ ಸದ್ದು ಕೇಳಿತು.

ಸರಕ್... ಸರಕ್...

ಬಡಗಿಗೆ ಗೊತ್ತಿಲ್ಲದ ಸದ್ದೇ? ಮರಕ್ಕೆ ಉಪ್ಪುಕಾಗದ ಉಜ್ಜುವ ಸದ್ದು. ಈ ಹೊತ್ತಲ್ಲಿ ಬಾವಿಕಟ್ಟೆ ಮೇಲೆ ಕೂತು ಯಾವ ಮಹಾರಾಯ ಬಾಗಿಲು ನುಣುಪು ಮಾಡ್ತಾವನೆ? ಮೊಬೈಲು ಬೆಳಕು ಬಿಟ್ಟ.

ಒಂದು ಹುಡುಗಿ. ಒಂದು ಕೈಯಿಂದ ಇನ್ನೊಂದು ಕೈ ಉಜ್ಜಿಕೊಳ್ತಾ ಕೂತಿದೆ. ಕೆನ್ನೆ ಕೆಂಪು ಕೆಂಪು... ಬಾಯಿ ಸುತ್ತ ಮಾತ್ರ ಸುಣ್ಣ ಬಳಿದಂತೆ ಬಿಳಿ.

"ಯಾರ ಮನೆ ಕೂಸಮ್ಮಿ ನೀನು?"

"ತಮ್ಮಾ..." ಅಂತ ಪಿಸುಗುಟ್ಟಿತು. ಆರು ವರ್ಷದ್ದು, ನಲವತ್ತರ ರಾಜಣ್ಣನಿಗೆ ತಮ್ಮ! "ಭವ್ಯನ ನಾಲಿಗೆ ನೋಡ್ದಾ?"

ತನ್ನ ನಾಲಿಗೆ ಚಾಚಿತು. ಹಿಪ್ಪುನೇರಳೆ ಹಣ್ಣಿನ ಹಂಗೆ, ಕೆಂಪಗೆ, ಉಬ್ಬು ಉಬ್ಬು.

"ನಂಗೆ ಎರಡು ನೀರು ಹಾಕಿದ್ರು. ಮೂರನೇದ್ಕೆ... ನಾನಿರ್ನಿಲ್ಲ."

ರಾಜಣ್ಣ ಓಡಿದ. ಮಗಳ ಬೆನ್ನು ಸವರಿದ. ಉಪ್ಪುಕಾಗದ. ನಾಲಿಗೆ ನೋಡಿದ. ಹಿಪ್ಪುನೇರಳೆ. ಗುಟುಕು ನೀರೂ ಇಳೀತಿಲ್ಲ ಕೂಸಿಗೆ. "ಏಳು, ಆಸ್ಪತ್ರೆಗೆ ಹೋಗನ" ಅಂತ ಹೆಂಡತಿ ಶಿವಲಕ್ಷ್ಮಿಗೆ ಹೇಳಿ ತಿರುಗ್ತಾನೆ... ದೊಡ್ಡಮಾದಮ್ಮ ಹೊಸ್ತಿಲಿಗೆ ಅಡ್ಡ ಮಲಗಿಬಿಟ್ಟವಳೆ.

"ನನ್ನ ದಾಟ್ಕೊಂಡು ಓಗ್ಲಾ, ನೋಡ್ತೀನಿ."

ಹೆತ್ತವಳನ್ನು ದಾಟುವ ಮಗ ನಮ್ಮ ಸೀಮೇಲಿ ಇನ್ನೂ ಹುಟ್ಟಿಲ್ಲ. ಮಗಳನ್ನು ಹೆಗಲಿಗೆ ಹಾಕ್ಕೊಂಡು ಅವನು ನಿಂತ. ನಿಂತೇ ಇದ್ದ. ಗಡಿಯಾರ ಟಿಕ್ ಟಿಕ್. ಕೂಸಿನ ಉಸಿರು ಗೊರ್... ಗೊರ್... ಶಿವಲಕ್ಷ್ಮಿ ಅತ್ತೆಯ ಕಾಲು ಹಿಡಿದಳು. ಮುದುಕಿ ಕಣ್ಣು ಬಿಡಲಿಲ್ಲ.

ಕೋಳಿ ಕೂಗೋಕೆ ಮುಂಚೆ, ಬಾಗಿಲಾಚೆ...

ಸರಕ್... ಸರಕ್...

"ಅವ್ವಾ... ನೀರು ಸಾಕು ಕಣವ್ವಾ."

ಮುದುಕಿ ಎದ್ದು ಕೂತಳು. ರಾಜಣ್ಣ ಹುಟ್ಟೋಕೆ ಮುಂಚೆ ಅವಳಿಗೊಂದು ಹೆಣ್ಣು ಕೂಸಿತ್ತು, ಸಣ್ಣಮ್ಮ ಅಂತ. ಇದೇ ಥರ ಕೆಂಪೆದ್ದು ತೀರಿಹೋಗಿತ್ತು. ಮನೇಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ.

"ಕರ್ಕೊಂಡೋಗ್ಲಾ" ಅಂದು ಗೋಡೆಗೆ ಸರಿದಳು. "ಔಸ್ದಿ ಬರ್ಕೊಟ್ರೆ... ಎರಡು ಬಾಟ್ಲಿ ತಾ."

ಡಾಕ್ಟರು ಬೈದರು. "ಇದು ಅಮ್ಮ ಅಲ್ಲ ಕಣ್ರೀ, ಸ್ಕಾರ್ಲೆಟ್ ಜ್ವರ. ಗಂಟಲ ಸೋಂಕಿಂದ ಬರೋದು. ಈ ಸಿರಪ್ಪು ಪೂರಾ ಹತ್ತು ದಿನ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಿದ್ರೆ ಮುಂದೆ ಹಾರ್ಟಿಗೇ ತೊಂದ್ರೆ ಆಗ್ಬಹುದು, ಹುಷಾರು."

ಭವ್ಯ ಉಳಿದಳು. ವಾರ ಕಳೆದ ಮೇಲೆ ಬೆರಳ ತುದಿ ಸಿಪ್ಪೆ ಸುಲೀತು, ಹಂಗಾಗ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಎರಡನೇ ಬಾಟ್ಲೀನ ದೊಡ್ಡಮಾದಮ್ಮ ಔಸ್ದಿ ತಂದ ದಿನವೇ ಬಾವಿಕಟ್ಟೆ ಮೇಲಿಟ್ಟು, ತಿರುಗಿ ನೋಡದೆ ಬಂದಳು.

ಹನ್ನೊಂದನೇ ದಿನ ನಾನೇ ಹೋಗಿ ಎತ್ತಿ ನೋಡಿದೆ. ಮಾರಮ್ಮನಾಣೆ. ಮುಚ್ಚಳದ ಸೀಲು ಒಡೆದಿರಲಿಲ್ಲ. ಒಳಗೆ ಒಂದು ಹನಿ ಇರಲಿಲ್ಲ.

ಈಗಲೂ ನಾನು ಕೊನೇ ಬಸ್ಸಿಗೆ ಬಂದರೆ ಮುದುಕಿ ಜಗುಲಿಯಿಂದ ಮೆಲ್ಲಗೆ ಕೇಳ್ತಾಳೆ, "ಸದ್ದು ನಿಂತದೇನ್ಲಾ?"

"ನಿಂತದೆ ಕಣವ್ವ" ಅಂತೀನಿ.

ಇದರಲ್ಲಿ ನಾನು ಹೇಳಿರೋ ಸುಳ್ಳು ಅದೊಂದೇ.